ಅಕ್ಷರಕ್ಕೆ ಒಂಬತ್ತು ಪೆನ್ನಿ

ಲೋಸ್ಟಾಫ್ಟ್ ಬಂದರಿನ ಬೋರ್ಡುಗಳನ್ನೆಲ್ಲ ಬರೆದವನು ನಮ್ಮಪ್ಪ,
ಆಂಬ್ರೋಸ್ ಥರ್ಕೆಟಲ್.
ಅಕ್ಷರಕ್ಕೆ ಒಂಬತ್ತು ಪೆನ್ನಿ. ಚುಕ್ಕೆ ಪುಕ್ಕಟೆ.

ಪ್ರೊಹಿಬಿಟೆಡ್ ಅಂದರೆ ಅವನಿಗೆ ಹಬ್ಬ:
ಹತ್ತಕ್ಷರ, ಆ ರಾತ್ರಿ ಬ್ರೆಡ್ಡಿಗೆ ಬೆಣ್ಣೆ.
ಆದರೂ ಬಯ್ಯುತ್ತಲೇ ಬರೆಯುವನು:
ಈ ಪದಕ್ಕೆ ಮುಖವಿಲ್ಲ ಕಣೇ, ಬರೀ ಕೋಟು, ಹಿತ್ತಾಳೆ ಗುಂಡಿ.
ಬೇಡ ಅಂದವರು ಯಾರು ಅಂತ ಕೇಳು,
ಪುರಸಭೆಯ ಕಡೆ ಕೈ ತೋರಿಸುತ್ತೆ.
ಅಲ್ಲಿ ಹೋದರೆ, ಊಟದ ಹೊತ್ತು.

ಬ್ಯಾನ್ ಪೇಪರಿನವರದು.
ನಿನ್ನೆಯವರೆಗೆ ಒಳಗೇ ಇದ್ದದ್ದನ್ನು
ಕತ್ತು ಹಿಡಿದು ಹೊರಗೆ ಹಾಕಿ ಬಾಗಿಲು ಬಡಿಯುವ ಸದ್ದು ಅದು.
ಹೆರಿಂಗ್ ಬ್ಯಾನಾದ ವರ್ಷ
ಬಲೆಗಳು ಬೇಲಿಯ ಮೇಲೆ ಒಣಗಿದವು, ನೆನೆದವು, ಮತ್ತೆ ಒಣಗಿದವು.
ಮೂರೇ ಅಕ್ಷರ. ಊರಿಗೆ ಊರೇ ಹಸಿದುಕೊಂಡಿತು.

ಫರ್ಬಿಡ್ ಮಾತ್ರ ಬರೆದವನೇ ಅಲ್ಲ.
ಪೇರಳೆ ಕದಿಯುವ ಹುಡುಗರಿಗೆಂದು
ಮುದಿ ಕ್ಯಾಪ್ಟನ್ ಒಬ್ಬ ಮುಂಗಡ ಕೊಟ್ಟು ಕೇಳಿದರೂ
ದುಡ್ಡು ವಾಪಸು ಮಾಡಿದ.
ಅದು ಬಣ್ಣಕ್ಕೆ ಹತ್ತಲ್ಲ ಸ್ವಾಮಿ.
ಅದಕ್ಕೆ ಗಂಟಲು ಬೇಕು, ಎದುರಿಗೆ ನಿಂತ ಒಬ್ಬರು ಬೇಕು,
ಮೀರಿದರೆ ನೋಯುವವರು ಬೇಕು.

ಎಲ್ಲಿ ಕಲಿತನೋ ಇದನ್ನು.
ಅವನನ್ನು ಮಣ್ಣು ಮಾಡಿ ಬಂದ ಸಂಜೆ
ಕೆಜೈಯಾ ಅತ್ತೆ ಟೀ ಆರಲು ಬಿಟ್ಟು ಹೇಳಿದಳು.

ಮದುವೆಗೆ ಮುಂಚೆ ಮೂರು ಭಾನುವಾರ
ಚರ್ಚಿನಲ್ಲಿ ಹೆಸರು ಕೂಗುತ್ತಾರೆ. ಆ ಕೂಗಿಗೂ ಬ್ಯಾನ್ಸ್ ಅಂತಲೇ ಹೆಸರು,
ಅದೇ ಬೇರಿನಿಂದ ಎದ್ದ ಇನ್ನೊಂದು ಚಿಗುರು.
ಅಡ್ಡಿಯಿದ್ದವರು ಎದ್ದು ನಿಂತು
ಐ ಫರ್ಬಿಡ್ ಅನ್ನಬಹುದು.
ಅನ್ನುವುದಾದರೆ ಎದ್ದೇ ಅನ್ನಬೇಕು. ಚೀಟಿ ಕಳಿಸುವಂತಿಲ್ಲ.

ಮೂರನೇ ಭಾನುವಾರ ಅಜ್ಜಿ ಎದ್ದಳಂತೆ.
ಹೆರಿಂಗಿನ ಹಿಂದೆ ಸ್ಕಾಟ್ಲೆಂಡಿನಿಂದ ಬಂದ,
ಮೀನು ಸೀಳುವ ಹುಡುಗಿ ತನ್ನ ಮಗನಿಗೇ?
ಪಾದ್ರಿ ಕನ್ನಡಕ ತೆಗೆದ.
ಅಮ್ಮ ತಿರುಗಿ ನೋಡಿದಳು, ಕೈ ಮಡಿಲಲ್ಲಿ,
ಉಪ್ಪು ತಿಂದ ಹತ್ತೂ ಬೆರಳಿಗೆ ಬಟ್ಟೆ ಸುತ್ತಿ.

ಅಜ್ಜಿಯ ಬಾಯಿ ತೆರೆದಿತ್ತು. ಎಷ್ಟು ಹೊತ್ತೋ.
ಆಮೇಲೆ, ಯಾರಾದರೂ ಆ ಕಿಟಕಿ ಮುಚ್ಚಿರಪ್ಪಾ,
ಗಾಳಿ ಕೊರೆಯುತ್ತೆ, ಅಂದು
ಕೂತುಬಿಟ್ಟಳು.

ಕಿಟಕಿ ಮುಚ್ಚೇ ಇತ್ತು ಕಣೇ,
ಅಂದಳು ಅತ್ತೆ.