ಡ್ರೈವರ್ ಬದಿಯ ಬಾಗಿಲು

ಕುರ್ಲಾದಲ್ಲಿ, ಸೈಲೆನ್ಸರಿನವರ ಸಾಲು ಮುಗಿದ ಮೇಲೆ,
ಸೀಟುಕವರಿನ ಮುಸ್ತಕೀಮನ ಅಂಗಡಿಗೆ ಬೆನ್ನು ಹಚ್ಚಿ
ನನ್ನದೊಂದು ತೊಟ್ಟಿ. ಉಗುರುಬೆಚ್ಚಗಿನ ನೀರು.
ಅದರ ಮೇಲೆ ದಿನಾ ಮರ ಹಾಸುತ್ತೇನೆ.

ಮೀಟರಿನ ಲೆಕ್ಕದಲ್ಲಿ ಬರುತ್ತದೆ ಮರ, ಸುರುಳಿ ಸುತ್ತಿ:
ಅಕ್ರೋಟು, ತೇಗ, ಬೀಟೆ, ಹೆಸರಿಲ್ಲದ ಒಂದು ಕೆಂಪು.
ನೀರಿಗೆ ಬಿಟ್ಟು ಔಷಧ ಹೊಡೆದರೆ
ಹಾಳೆ ಕರಗಿ, ಬಣ್ಣವಷ್ಟೇ ಉಳಿದು
ಒಂದು ನಿಮಿಷದ ಕಾಡು ತೊಟ್ಟಿಯ ತುಂಬ ನಡುಗುತ್ತದೆ.
ಆಗ ಪ್ಲಾಸ್ಟಿಕ್ಕನ್ನು ಓರೆಯಾಗಿ ಇಳಿಸಬೇಕು,
ಕಾದೆಣ್ಣೆಗೆ ಪೂರಿ ಬಿಟ್ಟ ಹಾಗೆ, ಅಂಚಿನಿಂದ.
ಕೆಮ್ಮಿದರೆ ಕೆಟ್ಟೆ.

ಅಸಲಿ ಯಾವುದು, ನಕಲಿ ಯಾವುದು, ಹೇಗೆ ತಿಳಿಯುತ್ತೆ
ಅಂತ ಕೇಳುತ್ತಾರೆ ಜನ. ಗಂಟು ನೋಡಿ, ಅನ್ನುತ್ತೇನೆ.
ನನ್ನ ಮರದಲ್ಲಿ ಅದೇ ಗಂಟು ಮೊಳಕ್ಕೊಮ್ಮೆ ಎದ್ದು
ಹಾಜರಿ ಹೇಳಿ ಕೂರುತ್ತದೆ.
ಅಸಲಿಯಲ್ಲಾದರೆ ಎಡ ಬಲ ಬಾಗಿಲು ಒಂದಕ್ಕೊಂದು ಕನ್ನಡಿ.
ಒಂದೇ ದಿಮ್ಮಿಯನ್ನು ಪುಸ್ತಕದ ಹಾಗೆ ಬಿಡಿಸಿರುತ್ತಾರೆ,
ಯಾರೂ ಓದದ ಪುಸ್ತಕ.

ಜುಲೈ. ವರ್ಲಿಯ ಸಾಹೇಬರದೊಂದು ಹಳೆಯ ಜರ್ಮನ್ ಗಾಡಿ,
ತಂದವನು ಭಿಕಾಜಿ ಘೋಸಾಳ್ಕರ್, ಹತ್ತೊಂಬತ್ತು ವರ್ಷದ ಡ್ರೈವರ್.
ಉಪ್ಪುಗಾಳಿಗೆ ಬಿರಿದಿತ್ತು ಅವನ ಬದಿಯ ಪಟ್ಟಿ,
ತುದಿಯಿಂದ ತುದಿಗೆ, ಒಡೆದ ಹಿಮ್ಮಡಿಯಂತೆ.

ಫೋನಿನಲ್ಲಿ ಸಾಹೇಬರಿಗೆ ಹೇಳಿದೆ:
ಅಸಲಿ ತರಿಸಿದರೆ ಎಂಬತ್ತು ಸಾವಿರ, ಎರಡು ತಿಂಗಳು.
ಅತ್ತ ಕಪ್ಪಿಗೆ ಚಮಚ ತಾಗಿದ ಸದ್ದು.
‘ಡ್ರೈವರ್ ಬದಿ ತಾನೆ? ಫಿಲ್ಮೇ ಹಾಕು.’
ಸ್ಪೀಕರ್ ಆನ್ ಇತ್ತು.
ಭಿಕಾಜಿ ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸಿದ.

ಹೇಳಬಾರದು, ಆದರೂ: ಅಂಥ ಕೆಲಸ ನಾನು ಮತ್ತೆ ಮಾಡಿಲ್ಲ.
ನಾಲ್ಕು ಸುರುಳಿ ಬಿಚ್ಚಿ ಬಣ್ಣ ಹೊಂದಿಸಿದೆ,
ಮರುಕಳಿಸುವ ಗಂಟನ್ನು ಹಿಡಿಕೆಯ ಕೆಳಗೆ ಅಡಗಿಸಿದೆ,
ಮೂರು ಸಲ ಲ್ಯಾಕರ್, ಮೂರು ಸಲ ನೀರುಕಾಗದ.
ಮುಸ್ತಕೀಮ ಬಂದು ನೋಡಿ
ಎಡದ್ದನ್ನು ಬದಲಿಸಿದೆಯಾ ಅಂದ.

ಭಿಕಾಜಿ ಕೂತ. ಬಾಗಿಲೆಳೆದುಕೊಂಡ. ಕಣ್ಣು ರಸ್ತೆಯ ಮೇಲೆ.
ಮೊಣಕೈ ಇಟ್ಟ,
ಹಳೆಯದರಲ್ಲಿ ಪಾಲಿಶು ಸವೆದು ಮರ ಬತ್ತಲಾಗಿದ್ದ ಜಾಗದಲ್ಲೇ.
ಎತ್ತಿದ. ಮತ್ತೆ ಇಟ್ಟ.
‘ಇದು ಬೆವರು ಕುಡಿಯೋದಿಲ್ಲ,’ ಅಂದ.

ನನಗೆ ಸಿಟ್ಟು ಬಂತು, ಸುಳ್ಳೇಕೆ.
ಹಳೆಯ ತುಂಡು ತಂದು ಮುರಿದಂಚು ತೋರಿಸಿದೆ:
ನೋಡು ನಿನ್ನ ಅಸಲಿ. ಉಗುರಿನಷ್ಟು ತೆಳು ತೊಗಟೆ,
ಕೆಳಗೆ ಅಂಟು, ಅದರ ಕೆಳಗೆ ತಗಡು.
ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.
‘ಇಷ್ಟರ ಮೇಲೇನಾ ಇಷ್ಟು ವರ್ಷ?’

ಆಮೇಲೆ, ಚಹಾ ಬಂದ ಮೇಲೆ,
‘ನಿನ್ನ ಮರಾಠಿ ಎಲ್ಲಿಯದು?’
ಮೇಲೆ ಕುರ್ಲಾ, ಅಂದೆ. ಕೆರೆದರೆ ಇಂಡಿ ತಾಲ್ಲೂಕು.
ನಕ್ಕ. ಅವತ್ತು ನಕ್ಕಿದ್ದು ಅದೊಂದೇ ಸಲ.

ಹೋಗುವಾಗ ಮುರುಕು ಪಟ್ಟಿ ಕೇಳಿದ.
ಹೆಬ್ಬೆರಳಿಗೆ ಎಂಜಲು ಹಚ್ಚಿ ಅದರ ಧೂಳು ಒರೆಸಿ,
ಮರಾಠಿ ಪೇಪರಿನಲ್ಲಿ ಸುತ್ತಿ, ದಾರ ಸಿಗದೆ
ರಬ್ಬರ್ ಬ್ಯಾಂಡ್ ಹಾಕಿದ.
ನೆನಪಿಗಾ? ಅಂದೆ.

‘ನೆನಪೇನು ಬಂತು. ಮನೆಯಲ್ಲಿ ಮಿಕ್ಸರ್ ಕುಣಿಯುತ್ತೆ,
ಒಂದು ಕಾಲು ಗಿಡ್ಡ.
ಕೆಳಗೆ ಕೊಡೋಕೆ.’

ಗಾಡಿ ತಿರುಗಿಸಿದ. ಮಳೆ ಹಿಡಿದಿತ್ತು.
ಅಕ್ರೋಟಿನ ಕಿಟಕಿಯಂಚಿನಿಂದ ಮೊಣಕೈ ತೆಗೆದು
ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟುಕೊಂಡು ಹೋದ,
ಲೈಸೆನ್ಸಿನ ಪರೀಕ್ಷೆಗೆ ಕೂತವನ ಹಾಗೆ.