ಎರಡನೆಯ ಪೆಡಲು

ನನ್ನ ಕಾಲಡಿಗೊಂದು ಬ್ರೇಕು ಹೆಚ್ಚಿಗೆ ಇದೆ.
ಕಲಿಸುವವರ ಸೀಟು, ಎಡಗಡೆ;
ಸ್ಟೇರಿಂಗಿಲ್ಲ, ಹಾರನ್ನಿಲ್ಲ, ಇರುವುದು ಅದೊಂದೇ.
ಹದಿನಾಲ್ಕು ವರ್ಷ ತುಳಿದೂ ತುಳಿದೂ
ಬಲಗಾಲಿನ ಚಪ್ಪಲಿ ಮೊದಲು ಸವೆಯುತ್ತದೆ.
ಅಂಗಡಿಯವನು ಒಂಟಿ ಚಪ್ಪಲಿ ಮಾರುವುದಿಲ್ಲ.

ಮೊನ್ನೆ ಚಳ್ಳಕೆರೆ ಗೇಟಿನ ಹತ್ತಿರ
ಹಾಸ್ಟೆಲಿನಲ್ಲಿ ಅಡುಗೆ ಮಾಡುವ ದುರುಗಮ್ಮ
ಬ್ರೇಕೆಂದು ಕ್ಲಚ್ಚು ಒತ್ತಿದಳು.
ನಾನು ಒತ್ತಿದೆ.
ಎಂಟುನೂರು ತುಸು ಯೋಚಿಸಿತು,
ಬಲಕ್ಕೆ ವಾಲಿತು,
ಎಳನೀರು ಗಾಡಿಗೆ ಒಂದು ಗೇಣು ಬಿಟ್ಟು ನಿಂತಿತು.
ಎಳನೀರಿನವ ಬೈಯಲಿಲ್ಲ.
ಒಂದು ಕಾಯಿ ಕೆತ್ತಿ ಕೈಗಿಟ್ಟು
ಮೂವತ್ತೈದು ರೂಪಾಯಿ ಇಸಕೊಂಡ.

ಜಿಲಾನಿ ಚಕ್ರ ಬಿಚ್ಚಿ, ಕೂತು, ಬೀಡಿ ಹಚ್ಚಿದ.
"ಅಕ್ಕಾ, ಇದು ಡಿಸ್ಕಲ್ಲ, ಕಾಫಿ ಬಸಿ.
ಎಸ್ಟೀಮಿನದು ಹಾಕೋಣ, ಊಟದ ತಟ್ಟೆ.
ಒಂದೇ ತಾಯಿ ಮಕ್ಕಳು, ಅಣ್ಣನ ಅಂಗಿ ತಮ್ಮನಿಗೆ ಆಗಲ್ವಾ?
ತೋಳು ಉದ್ದ ಆದ್ರೆ ಮಡಚೋದು."

ಅಂಗಿಗಾಗಿ ದಾವಣಗೆರೆಗೆ ಹೋದೆವು.
ಹಾಲಪ್ಪನ ಗುಜರಿಯಲ್ಲಿ
ಬಾಗಿಲುಗಳ ಗುಡ್ಡ, ಸೀಟುಗಳ ಸಂತೆ,
ಬಾನೆಟ್ಟಿನ ಮೇಲೆ ಒಣಹಾಕಿದ ಮೆಣಸಿನಕಾಯಿ.
ಹಬ್ಬು ಜೋಡಿ, ಡಿಸ್ಕು ಜೋಡಿ, ಕ್ಯಾಲಿಪರು,
ನಾಲ್ಕು ಹದಿಮೂರಿಂಚಿನ ರಿಮ್ಮು:
ಆರು ಸಾವಿರ ಅಂದ, ನಾಲ್ಕಕ್ಕೆ ಬಂದ.
ಪ್ಯಾಡು ಮಾತ್ರ ಹೊಸದು ಅಂತ ಜಿಲಾನಿಯ ಹಟ:
"ಹಲ್ಲುಜ್ಜೋ ಬ್ರಶ್ಶು, ಬ್ರೇಕ್ ಪ್ಯಾಡು,
ಎರಡನ್ನೂ ಇನ್ನೊಬ್ಬರದು ಇಸ್ಕೋಬಾರದು."

ಬಿಳಿ ಎಸ್ಟೀಮು. ಮುಂದಿನ ಅರ್ಧಕ್ಕೆ ಒಂದು ಗೀರೂ ಇಲ್ಲ.
ಹಿಂದಿನ ಅರ್ಧವೇ ಇಲ್ಲ.
"ದನ ಅಡ್ಡ ಬಂತಂತೆ, ಹಿರಿಯೂರಿನ ಈಚೆಗೆ.
ಬ್ರೇಕು ಹಿಡಿದ ನೋಡಿ, ಕಾರು ನಿಂತೇಬಿಡ್ತು.
ಹಿಂದಿನ ಲಾರಿ ನಿಲ್ಲಲಿಲ್ಲ."
ಹಾಲಪ್ಪ ನೋಟು ಎಣಿಸುತ್ತಲೇ ಹೇಳಿದ.
ದನ ಏನಾಯಿತು ಅಂತ ಜಿಲಾನಿ ಕೇಳಿದ.
ಒಳಗಿದ್ದವರ ಬಗ್ಗೆ ಇಬ್ಬರೂ ಕೇಳಲಿಲ್ಲ.
ದನ ಬದುಕಿತಂತೆ.

ಎರಡು ದಿನ ಅಂದದ್ದು ಐದಾಯಿತು.
ನಡುವಿನ ತೂತು ಎರಡು ಮಿಲ್ಲಿ ಸಾಲದು,
ಲೇತಿನಲ್ಲಿ ಕೆರೆಸಿದ್ದಾಯಿತು.
ಹಳೇ ರಿಮ್ಮಿನೊಳಗೆ ಕ್ಯಾಲಿಪರು ಹಿಡಿಸದು, ಗೊತ್ತಿದ್ದದ್ದೇ;
ಹೊಸ ಟೈರು ತಿರುವಿನಲ್ಲಿ ಮಡ್‌ಗಾರ್ಡು ಉಜ್ಜುವುದು
ಯಾರಿಗೂ ಗೊತ್ತಿರಲಿಲ್ಲ.
ಸುತ್ತಿಗೆ ತಗೊಂಡು ಅಂಚು ಮಡಚಿದ.
"ತೋಳು ಉದ್ದ ಅಂದಿದ್ನಲ್ಲ."
ಕೊನೆಗೆ ಸ್ಪ್ಲಿಟ್ ಪಿನ್ನು ತೂರಿಸಿ ಬಾಲ ಬಗ್ಗಿಸುವಾಗ
ಅವನು ಅದನ್ನು ಕಡಾಣಿ ಅಂದ,
ಅವನ ತಾತ ಬಂಡಿ ಹೊಡೆದ ಕಾಲದ ಹಾಗೆ.

ಆಮೇಲೆ ಗಾಳಿ ತೆಗೆಯುವ ಕೆಲಸ.
ನಾನು ಒಳಗೆ ಪೆಡಲಿನ ಮೇಲೆ, ಅವನು ನೆಲದ ಮೇಲೆ.
ಒತ್ತಿ. ಹಿಡ್ಕೊಳಿ. ಬಿಡಿ.
ಒತ್ತಿ. ಹಿಡ್ಕೊಳಿ.
ಬಾಟಲಿಯಲ್ಲಿ ಗುಳ್ಳೆ ಗುಳ್ಳೆ ಬಂದು
ಒಂದು ಗಳಿಗೆಗೆ ನಿಂತವು.
ಕಾಲಡಿಯಲ್ಲಿ ಏನೋ ಗಟ್ಟಿಯಾಯಿತು,
ಕತ್ತಲಲ್ಲಿ ಮೆಟ್ಟಿಲು ಸಿಕ್ಕ ಹಾಗೆ.

ಜೋಗಿಮಟ್ಟಿ ಹತ್ತಿ ಇಳಿಸಿದೆವು.
ಗುಡ್ಡದ ಮೇಲೆ ಗಾಳಿಯ ಫ್ಯಾನುಗಳು ಸುತ್ತುತ್ತಿದ್ದವು.
"ಅವುಗಳಿಗೂ ಬ್ರೇಕಿದೆ ಅಕ್ಕಾ," ಅಂದ,
ತಾನೇ ಹಾಕಿಕೊಟ್ಟವನ ಹಾಗೆ.
ಮೂರನೇ ತಿರುವಿನಲ್ಲಿ ನನಗೆ ಹೇಳದೇ ಒತ್ತಿದ.
ಕಾರು ಯೋಚಿಸಲಿಲ್ಲ. ವಾಲಲಿಲ್ಲ.
ಡ್ಯಾಶ್‌ಬೋರ್ಡಿನ ಕಡಲೆ ಪೊಟ್ಟಣ
ನನ್ನ ಮಡಿಲಿಗೆ ಬರಬೇಕಾದದ್ದು ಗಾಜಿಗೆ ಬಡಿಯಿತು.
ಅವನು ನಕ್ಕ.
ನಾನು ತಿರುಗಿ ಹಿಂದೆ ನೋಡಿದೆ.
ರಸ್ತೆ ಖಾಲಿ ಇತ್ತು.

ಸೋಮವಾರ ದುರುಗಮ್ಮನಿಗೆ ಹೇಳಿದೆ:
ಬ್ರೇಕಿಗೆ ಮೊದಲು ಕನ್ನಡಿ.
ಹದಿನಾಲ್ಕು ವರ್ಷ ಹೀಗೆ ಹೇಳಿರಲಿಲ್ಲ,
ನಿಲ್ಲುವುದನ್ನಷ್ಟೇ ಕಲಿಸಿದ್ದೆ.
"ಮುಂದೆ ಹೋಗೋರಿಗೆ ಹಿಂದಿಂದು ಯಾಕವ್ವ?" ಅಂದಳು.
ಬಿಳಿ ಕಾರಿನ ಕಥೆ ನಾಲಿಗೆಗೆ ಬಂತು, ನುಂಗಿದೆ.
ಹೊಸ ಚಕ್ರ ದೊಡ್ಡದು, ಮುಳ್ಳು ಕಡಿಮೆ ತೋರಿಸುತ್ತೆ,
ನಲವತ್ತು ಕಂಡರೆ ನಲವತ್ತಕ್ಕಿಂತ ಜಾಸ್ತಿ ಅಂದ್ಕೋ, ಅಂದೆ.
ಅವಳು ಅದಕ್ಕೂ ತಲೆಯಾಡಿಸಿದಳು.

ಗೇಟಿನ ಹತ್ತಿರ ಅದೇ ಎಳನೀರು ಗಾಡಿ.
ದುರುಗಮ್ಮ ಕನ್ನಡಿ ನೋಡಿದಳು,
ಜಾರಿದ ಸೆರಗು ಕಂಡು ಸರಿ ಮಾಡಿಕೊಂಡಳು,
ಮತ್ತೆ ನೋಡಿದಳು,
ಒತ್ತಿದಳು.

ಮೂರು ಮಾರು ದೂರದಲ್ಲೇ ನಿಂತೆವು.
ನನ್ನ ಕಾಲು ಪೆಡಲಿನ ಮೇಲೇ ಇತ್ತು.
ಒತ್ತಿರಲಿಲ್ಲ.