ಮೊದಲ ಪುಟ

ಗುಳೇದಗುಡ್ಡದ ನಮ್ಮ ಸಾಲ್ಯಾಗ
ಆರು ಕಂಪ್ಯೂಟರು, ನಡಿಯೂವು ನಾಕು.
ಒಬ್ಬೊಬ್ಬರಿಗೊಂದು ಮೊದಲ ಪುಟ ಮಾಡಿಕೊಟ್ಟೆ,
ತೆರೆದ ಕೂಡ್ಲೆ ಅವರವರ ಸುದ್ದಿ ಅವರ ಮುಂದ.

ಈರಸಂಗನ ಪುಟದ ತುಂಬ ಕುಸ್ತಿ.
ಹಜರತಬಿಗೆ ಗ್ರಹಣ, ಧೂಮಕೇತು,
ನಡುವ ಎಲ್ಲಿಂದಲೋ ನುಗ್ಗಿದ ಒಂದು ಸೀರಿ ಜಾಹೀರಾತು.
ಬೀಗಿದೆ ನಾನೂ:
ಎಲ್ಲಾರಿಗೂ ಒಂದ ರೊಟ್ಟಿ ಬಡಿಯೂ ಕಾಲ ಮುಗೀತು.

ದಾನಮ್ಮ ಮಾತ್ರ ಪುಟ ತೆರೀದ ಕುಂತಿದ್ಲು.

ದೀವಳಿಗಿ ಮುಂದ ಅವ್ವಗ ಜ್ವರ ಬಂದಾಗ
ಒಂದ ಒಂದು ಸಲ 'ಡೆಂಗಿ' ಅಂತ ಹುಡುಕಿದ್ಲಂತ.
ಅವತ್ತಿನಿಂದ ದಿನಾ ಮುಂಜಾನೆ
ಸೊಳ್ಳಿ, ರಕ್ತ, ಸತ್ತವರ ಲೆಕ್ಕ.
"ಅವ್ವ ಎದ್ದು ಮಗ್ಗಕ್ಕ ಕುಂತು ತಿಂಗಳಾತ್ರಿ ಸರ,
ಇದಕ್ಕ ಹೇಳವ್ರ್ಯಾರು?"

ಮೂಲಿಯ ಮೂರು ಚುಕ್ಕಿ ತೋರಿಸಿದೆ,
'ಆಸಕ್ತಿ ಇಲ್ಲ' ಅಂತ ಒತ್ತು.
ಒತ್ತಲಿಲ್ಲ.
ಅವ್ವನ ವಿಷಯದಾಗ ಹಂಗ ಹೆಂಗ ಒತ್ತೂದು?

ಹುಡುಕೂ ಜಾಗದಾಗ ತಾನ ಬರದ್ಲು, ಒಂದೊಂದ ಅಕ್ಷರ:
ನಮ್ಮವ್ವಗ ಆರಾಮ ಆತು.
ಬಂದವು ಮೂರು ದವಾಖಾನಿ, ಬಾಗಲಕೋಟಿವು.

ಪಡಸಾಲಿಯ ಹಲಗಿ, 'ಇಂದಿನ ಸುದ್ದಿ',
ಜೂನಿನಿಂದ ಯಾರೂ ಮುಟ್ಟಿದ್ದಿಲ್ಲ.
ಊಟದ ಗಂಟಿ ಆದಮ್ಯಾಲ ನೋಡಿದೆ:
ಅದ ಸಾಲು, ಖಡುವಿನಾಗ.
ಕೆಳಗ ಈರಸಂಗನ ಸೊಟ್ಟ ಅಕ್ಷರ:
ನಮ್ಮ ಎಮ್ಮಿ ಈದೈತಿ.